ಅಕ್ಕಿಯ ಹಾಳೆ

ಪ್ರಿಂಟರಿನ ಹಳದಿ ದೀಪ ಮಿಟುಕುತ್ತಿತ್ತು. ಹಸಿರು ಹತ್ತಿದರೆ ಹಾಳೆ ಬರುತ್ತದೆ, ಕೆಂಪು ಹತ್ತಿದರೆ ಶಾಯಿ ಮುಗಿದಿದೆ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಹಳದಿಯದು ಹಾಗಲ್ಲ, ಅದು ಬಾಯಿ ಬಿಟ್ಟು ಏನನ್ನೂ ಹೇಳುವುದಿಲ್ಲ. ‘ಮುದ್ರಣ ಸಾಧ್ಯವಾಗುತ್ತಿಲ್ಲ, ಕೇಂದ್ರವನ್ನು ಸಂಪರ್ಕಿಸಿ’ ಎಂದು ಪುಟ್ಟ ಪರದೆಯ ಮೇಲೆ ಬರೆದುಕೊಂಡು ಸುಮ್ಮನೆ ಕೂತಿರುತ್ತದೆ. ಆ ಕೇಂದ್ರದಲ್ಲೇ ಎಂಜಿನಿಯರ್ ಆಗಿರುವ ವಾರುಣಿ ಅಡುಗೆಮನೆಯ ಬಾಗಿಲಲ್ಲಿ ನಿಂತು, ಗಂಡ ಪವನ ಅದರ ಮುಚ್ಚಳ ಎತ್ತುವುದನ್ನು ನೋಡುತ್ತಿದ್ದಳು. ಕಾಲೇಜಿನಲ್ಲಿ ಇತಿಹಾಸ ಕಲಿಸುವ ಪವನನಿಗೆ ಯಾವ ಯಂತ್ರ ಕೆಟ್ಟರೂ ಮೊದಲು ಮುಚ್ಚಳ ಎತ್ತಬೇಕೆಂಬುದಷ್ಟೇ ಗೊತ್ತು.

“ಹೆಡ್‌ನ್ಯಾಗ ಶಾಯಿ ಒಣಗ್ಯದ, ಮತ್ತೇನಿಲ್ಲ,” ಅಂದ.

“ಆರಿಸಿ ಹಚ್ಚಿದ್ಯಾ?”

“ಆರಿಸಿದೆ, ಹಚ್ಚಿದೆ. ಕಾರ್ಟ್ರಿಜ್ ತೆಗೆದು ಹಾಕಿದೆ. ಹಾಳಿ ಜೋಡಿಸಿಟ್ಟೆ. ಇನ್ನ ಮಂಗಳಾರತಿ ಒಂದ ಉಳದದ.”

“ಅದನ್ನೂ ಮಾಡಿಬಿಡು. ಕರ್ಪೂರ ಮ್ಯಾಲಿನ ಗೂಡಿನ್ಯಾಗ ಅದ,” ಎಂದು ಪಡಸಾಲೆಯಿಂದ ಅವನ ತಾಯಿ ವತ್ಸಲಾಬಾಯಿ ಕೂಗಿ ಹೇಳಿದರು.

ಆ ಯಂತ್ರ ಅವರಿಗಾಗಿಯೇ ಬಂದದ್ದು. ವತ್ಸಲಾಬಾಯಿಯ ಹೃದಯದಲ್ಲಿ ಲೋಹದ ಕವಾಟವೊಂದಿದೆ. ಗದ್ದಲವಿಲ್ಲದ ಹೊತ್ತಿನಲ್ಲಿ ಅವರ ಪಕ್ಕ ಕೂತರೆ ಕೈಗಡಿಯಾರದಂಥ ಟಿಕ್ ಟಿಕ್ ಸಪ್ಪಳ ಕೇಳಿಸುತ್ತದೆ. ರಕ್ತ ಮಂದವಾದರೆ ಆ ಕವಾಟದ ಅಂಚಿನಲ್ಲಿ ಹೆಪ್ಪುಗಟ್ಟಿ ಮಿದುಳಿಗೆ ಹೋಗಬಹುದು. ತೀರ ತೆಳುವಾದರೆ ಒಳಗೆಲ್ಲೋ ಸೋರಿ, ಗೊತ್ತಾಗುವ ಹೊತ್ತಿಗೆ ಕೈಮೀರಿರಬಹುದು. ಎರಡರ ನಡುವಿನ ಹಾದಿ ಬಲು ಕಿರಿದು. ಮೊದಲಾದರೆ ರಕ್ತ ತೆಳುಮಾಡುವ ಗುಳಿಗೆಯನ್ನು ಅರ್ಧ, ಕಾಲು ಎಂದು ಮುರಿದು ಅಂದಾಜಿನ ಮೇಲೆ ನುಂಗುತ್ತಿದ್ದರು. ಈಗ ಮಣಿಕಟ್ಟಿಗೆ ಕಟ್ಟಿದ ಪಟ್ಟಿ ಬೆಳಗಾಗುವಾಗಲೇ ಚರ್ಮದ ಮೂಲಕ ಬೆಳಕು ಹಾಯಿಸಿ ರಕ್ತವನ್ನು ಅಳೆಯುತ್ತದೆ, ಅಂದಿನ ಔಷಧಿ ಎಷ್ಟೆಂದು ಪ್ರಿಂಟರಿಗೆ ಹೇಳುತ್ತದೆ. ಪ್ರಿಂಟರು ಬಾಯಲ್ಲಿ ಕರಗುವ ತೆಳು ಹಾಳೆಯ ಮೇಲೆ ಅಷ್ಟೇ ಔಷಧಿಯನ್ನು ಕಣ್ಣಿಗೆ ಕಾಣದ ಹನಿಗಳಾಗಿ ಸಿಂಪಡಿಸಿ, ಅಂಚಿನಲ್ಲಿ ಕೇಸರಿ ಬಣ್ಣದಿಂದ ಹೆಸರನ್ನೂ ತಾರೀಖನ್ನೂ ಅಚ್ಚುಹಾಕಿ ಹೊರಗೆ ತಳ್ಳುತ್ತದೆ. ಮನೆಯಲ್ಲಿ ಅದಕ್ಕೆ ‘ಹಪ್ಪಳ’ ಎಂದೇ ಹೆಸರು.

ಪವನ ಬಿಸಿನೀರಿಗೆ ಮೆತ್ತನೆಯ ಬಟ್ಟೆ ಅದ್ದಿ ಶಾಯಿ ಚಿಮ್ಮುವ ಹೆಡ್ ಒರೆಸಿದ, ಆರಲು ಬಿಟ್ಟ, ಮತ್ತೆ ಕೂಡಿಸಿ ಟೆಸ್ಟ್ ಪೇಜ್ ಕೊಟ್ಟ. ಸರ್ರನೆ ಹಾಳೆ ಬಂತು. ಕೇಸರಿ ಗೆರೆಗಳು ಸಾಲಾಗಿ, ಅಚ್ಚುಕಟ್ಟಾಗಿ ಬಿದ್ದಿದ್ದವು.

“ನೋಡಿದ್ಯಾ! ಆತು ರಿಪೇರಿ!”

ಮತ್ತೆ ಔಷಧಿಯ ಗುಂಡಿ ಒತ್ತಿದ. ಹಳದಿ ದೀಪ ಮಿಟುಕಿತು.

ವಾರುಣಿ ಟೆಸ್ಟ್ ಪೇಜನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಹೆಡ್ ಕಟ್ಟಿಕೊಂಡಿದ್ದರೆ ಗೆರೆಗಳ ನಡುವೆ ಹಲ್ಲು ಬಿದ್ದ ಹಾಗೆ ಸಂದು ಕಾಣಬೇಕಿತ್ತು. ಇಲ್ಲಿ ಒಂದು ಗೆರೆಯೂ ತುಂಡಾಗಿರಲಿಲ್ಲ. ಕೆಟ್ಟ ಯಂತ್ರವನ್ನು ರಿಪೇರಿ ಮಾಡಬಹುದು, ಇದು ಕೆಟ್ಟೇ ಇರಲಿಲ್ಲ.

“ನೀ ಅಲ್ಲೇ ಕೆಲಸ ಮಾಡ್ತಿ,” ಅಂದ ಪವನ. “ಕೇಂದ್ರದಿಂದ ಬೆರಳ ಒತ್ತಿದ್ರ ಎಂಥಾ ಹಟಮಾರಿ ಪ್ರಿಂಟರ್ ಇದ್ರೂ ಹಾಳಿ ಕೊಡ್ತದ ಅಂತ ನೀನ ಹೇಳಿದ್ದಿ.”

“ಹೇಳಿದ್ದೆ.”

“ಮತ್ತ? ಹೋಗಿ ಒತ್ತು.”

“ಅಷ್ಟ್ಯಾಕ ಗಡಬಡಿ ಮಾಡ್ತೀರೋ?” ವತ್ಸಲಾಬಾಯಿ ಎದ್ದು ಬಂದರು. ಪೂಜೆ, ಊಟ ಎರಡೂ ಆಗಲೇ ಮುಗಿದಿದ್ದವು. ಮುಖದಲ್ಲಿ ಹಿಂದಿನ ದಿನದ ಉಪವಾಸದ ಸುಸ್ತು ಅಷ್ಟಿಷ್ಟಿತ್ತು. “ಒಂದೊಪ್ಪತ್ತು ತಡಾ ಆದ್ರ ನಾ ಏನ ಸಾಯೂದಿಲ್ಲ.”

“ಅತ್ಯಾ, ಅಂಥಾ ಮಾತು ಬ್ಯಾಡ್ರಿ.”

ವಾರುಣಿಯ ಕಣ್ಣು ತಾನಾಗಿ ಅತ್ತೆಯ ಮುಂಗೈಗೆ ಹೋಯಿತು. ಕಳೆದ ಪಕ್ಷದಲ್ಲಿ ಅಲ್ಲೊಂದು ನೀಲಿ ಕಲೆ ಎದ್ದಿತ್ತು. ಕೇಳಿದರೆ ‘ಬಕೆಟ್ ಬಡೀತು’ ಎಂದಿದ್ದರು. ಹಲ್ಲುಜ್ಜುವಾಗ ಬಚ್ಚಲಲ್ಲಿ ಕೆಂಪು ಕಂಡಾಗ ‘ಬ್ರಶ್ ಬಿರಸು ಅದ’ ಎಂದಿದ್ದರು. ಅತ್ತೆ ಹಾಳೆ ಎತ್ತಿಕೊಳ್ಳುವುದನ್ನು ವಾರುಣಿ ದಿನವೂ ನೋಡುತ್ತಾಳೆ. ಎಣ್ಣೆಯ ಹನಿ ನೆಲಕ್ಕೆ ಬಿದ್ದರೂ ಅವಳಿಗೆ ಗೊತ್ತಾಗುತ್ತದೆ ಎಂದು ಪವನ ಚೇಷ್ಟೆ ಮಾಡುವುದುಂಟು. ಅಷ್ಟು ನೋಡಿಯೂ ಏನೋ ಕಣ್ಣು ತಪ್ಪಿಸಿದೆ ಎಂಬ ಅನುಮಾನ ಹೊತ್ತೇ ಅವಳು ಕೆಲಸಕ್ಕೆ ಹೊರಟಳು.

*

ನಿತ್ಯೌಷಧ ಕೇಂದ್ರದ ನಿಯಂತ್ರಣ ಕೊಠಡಿಯ ಗೋಡೆಯ ತುಂಬ ಜಿಲ್ಲೆಯ ನಕ್ಷೆ ಬೆಳಗುತ್ತಿತ್ತು. ಒಂದೊಂದು ಚುಕ್ಕಿ ಒಂದೊಂದು ಮನೆಯ ಪ್ರಿಂಟರು. ಅದರ ಮುಂದೆ ಕೂತ ಸಹೋದ್ಯೋಗಿ ಗುರುಪಾದ ಅಂಗಡಿ ಅವಳ ಮುಖ ನೋಡಿದವನೇ ಕುರ್ಚಿ ತಿರುಗಿಸಿದ.

“ಯಾಕ್ರಿ ಅಕ್ಕಾರ, ಮಾರಿ ಸಣ್ಣ ಮಾಡೀರಿ?”

“ನಮ್ಮ ಮನೀದೂ ಹಳದಿ ಆಗ್ಯದ, ಗುರುಪಾದ.”

“ಅಯ್ಯ, ದರ್ಜಿ ಅಂಗಿನ ಹರದಂಗಾತಲ್ರಿ!” ನಗುತ್ತ ಅವನು ಚುಕ್ಕಿ ತೆರೆದ. “ಯಂತ್ರ ಛಲೋ ಐತ್ರಿ. ಶಾಯಿ ಐತಿ, ಹೆಡ್ಡೂ ಸ್ವಚ್ಛ ಐತಿ. ಇದು ನಾವು ಹೊಸದಾಗಿ ಹಾಕಿದ ತಡೆ ನೋಡ್ರಿ.”

ಆ ತಡೆಯನ್ನು ಹಾಕಿ ವಾರವೂ ಆಗಿರಲಿಲ್ಲ. ರಕ್ತದ ಅಳತೆ ಮತ್ತೆ ಮತ್ತೆ ವಿಪರೀತ ಏರಿಳಿದರೆ ಪ್ರಿಂಟರು ತಾನಾಗಿ ಕೈಕಟ್ಟಿ ಕೂರಬೇಕು, ಎಂಜಿನಿಯರು ಬೆರಳೊತ್ತಿ ಬಿಡಿಸುವವರೆಗೆ ಔಷಧಿ ಕೊಡಕೂಡದು. ಜನ ಗಾಬರಿಯಾಗದಿರಲೆಂದು ಮನೆಯ ಪರದೆಯ ಮೇಲೆ ಅದನ್ನು ಸಾಮಾನ್ಯ ದೋಷದಂತೆಯೇ ತೋರಿಸಿದ್ದರು.

“ಮುಂಜಾನಿಂದ ಇದ ಆಗೈತ್ರಿ. ಸುಮ್ಮಸುಮ್ಮನ ಬೀಳಾಕತ್ತೈತಿ. ಬೆರಳ ಇಡ್ರಿ, ಬಿಡಿಸಿಬಿಡೂಣು. ಮೊದಲ ನಿಮ್ಮನೀದು, ಆಮ್ಯಾಲ ಉಳದವರದು.”

ಅಷ್ಟರಲ್ಲಿ ಪವನನ ಫೋನ್ ಬಂತು. “ಬಿಡಿಸಿದ್ಯೇನು? ಅವ್ವ ಇನ್ನೂ ತಗೊಂಡಿಲ್ಲ. ನನಗ ಕ್ಲಾಸಿಗೆ ಹೊತ್ತಾತು.”

“ಬಿಡಸ್ತೀನಿ,” ಎಂದು ವಾರುಣಿ ಗಾಜಿನ ಮೇಲೆ ಬೆರಳು ಚಾಚಿದಳು. ಚಾಚಿದವಳಿಗೆ ಪಕ್ಕದಲ್ಲಿದ್ದ ಅಂದಿನ ಪ್ರಮಾಣ ಕಣ್ಣಿಗೆ ಬಿತ್ತು. ದಿನದಕ್ಕಿಂತ ಹೆಚ್ಚಿತ್ತು. ಬೆಳಗಿನ ರಕ್ತ ಮಂದವಾಗಿದೆ ಎಂದು ಪಟ್ಟಿ ಹೇಳಿತ್ತು, ಅದಕ್ಕೆ ಯಂತ್ರ ಔಷಧಿಯನ್ನು ಏರಿಸಿ ಲೆಕ್ಕ ಹಾಕಿತ್ತು. ಆದರೆ ನಿನ್ನೆಯ ಹಾಳೆಯನ್ನು ಅತ್ತೆ ಎತ್ತಿಕೊಂಡದ್ದನ್ನು ಅವಳೇ ನೋಡಿದ್ದಳು. ಔಷಧಿ ತೆಗೆದುಕೊಂಡ ಮರುದಿನ ರಕ್ತ ಮಂದವಾಗುವುದು ಹೇಗೆ?

ಬೆರಳು ಹಿಂದಕ್ಕೆ ಬಂತು. “ಹಿಂದಿಂದು ತೋರಸು.”

ಗೆರೆ ಬಹುತೇಕ ಸಮತಟ್ಟಾಗಿ ಹರಿದಿತ್ತು. ನಡುವೆ ಅಲ್ಲಲ್ಲಿ ಒಂದು ಬೆಳಗ್ಗೆ ಮಾತ್ರ ರಕ್ತ ಮಂದ, ಮರುದಿನ ಬೆಳಗ್ಗೆ ಒಮ್ಮೆಗೇ ತೀರ ತೆಳು. ಆಮೇಲೆ ನಾಲ್ಕಾರು ದಿನ ತಡವರಿಸಿ ಮತ್ತೆ ಸಮ. ಗರಗಸದ ಹಲ್ಲುಗಳ ಹಾಗೆ ಅವುಗಳ ನಡುವಿನ ಅಂತರವೂ ಹೆಚ್ಚುಕಡಿಮೆ ಒಂದೇ.

“ಇವತ್ತ ಬಿದ್ದ ಬ್ಯಾರೆ ಹಳದಿಗಳು ಎಲ್ಲೆಲ್ಲಿ ಅವ?”

ಗುರುಪಾದ ಉಳಿದ ಚುಕ್ಕಿಗಳನ್ನು ಆರಿಸಿ ಹಳದಿಯನ್ನಷ್ಟೇ ಉಳಿಸಿದ. ಧಾರವಾಡದ ಮಾಳಮಡ್ಡಿಯಲ್ಲಿ, ಅವಳ ಓಣಿಯ ಸುತ್ತಲೇ, ಒಂದು ಗೊಂಚಲು. ಹುಬ್ಬಳ್ಳಿಯಲ್ಲಿ ಮಠದ ಆಸುಪಾಸು ಇನ್ನೊಂದು. ಉಳಿದೆಡೆ ಹುಡುಕಿದರೆ ಅಲ್ಲೊಂದು ಇಲ್ಲೊಂದು. ಅವನು ತಲೆ ಕೆರೆದುಕೊಂಡ.

“ಹದಿನೈದು ದಿನಕ್ಕೊಮ್ಮೆ ನಿಮ್ಮ ಓಣ್ಯಾಗ ಏನ್ರೀ ಆಗತೈತಿ? ಎಲ್ಲಾ ಅಜ್ಜಿಗೋಳೂ ಕೂಡಿ ಮೀಟಿಂಗ್ ಮಾಡ್ತಾರೇನು?”

ವಾರುಣಿ ನಗಲಿಲ್ಲ. “ನಿನ್ನೆ ಏಕಾದಶಿ,” ಅಂದಳು.

“ಉಪಾಸಂದ್ರ ಔಷಧನೂ ಬಿಡ್ತಾರೇನ್ರಿ?”

“ಇಲ್ಲ. ಔಷಧಕ್ಕ ದೋಷಿಲ್ಲ ಅಂತ ನಮ್ಮತ್ತಿನ ಹೇಳ್ತಾರ. ಗುಳಗಿ ಇದ್ದಾಗ ಏಕಾದಶಿ ದಿನಾನೂ ತಪ್ಪದ ನುಂಗ್ತಿದ್ರು. ಆ ದಿನ ಬಿಡೂದು ಅನ್ನ ಅಷ್ಟ. ಅಕ್ಕಿದು ಏನೂ…”

ಮಾತು ಅಲ್ಲಿಗೇ ನಿಂತಿತು. ಮೇಜಿನ ಮೇಲೆ ಖಾಲಿ ಹಾಳೆಗಳ ಪೆಟ್ಟಿಗೆಯಿತ್ತು. ಅದರ ಮೈಮೇಲೆ ಭತ್ತದ ತೆನೆಯ ಚಿತ್ರ, ಕೆಳಗೆ ‘ಶುದ್ಧ ಅಕ್ಕಿಯ ಹಾಳೆ’ ಎಂಬ ಹೆಮ್ಮೆಯ ಅಕ್ಷರಗಳು. ವಾರುಣಿ ಒಂದು ಹಾಳೆಯ ಮೂಲೆ ಮುರಿದು ನಾಲಿಗೆಯ ಮೇಲಿಟ್ಟುಕೊಂಡಳು. ಇಷ್ಟು ವರ್ಷ ಇಲ್ಲಿ ಕೆಲಸ ಮಾಡಿ, ಆ ಹಾಳೆಯ ದಪ್ಪ, ತೇವ, ಅದು ಕರಗುವ ವೇಗ ಎಲ್ಲವನ್ನೂ ಬಾಯಿಪಾಠ ಮಾಡಿದ್ದಳು, ರುಚಿ ಮಾತ್ರ ನೋಡಿರಲಿಲ್ಲ. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಒಣಗಿದ ಅಕ್ಕಿ ಸಂಡಿಗೆಯದೇ ವಾಸನೆ, ಅದೇ ರುಚಿ. ನಾಲಿಗೆಯಿದ್ದ ಯಾರಿಗೂ ಅದು ಗೊತ್ತಾಗದಿರಲು ಸಾಧ್ಯವಿಲ್ಲ.

ನಿನ್ನೆ ಅತ್ತೆ ಹಾಳೆಯನ್ನು ಎತ್ತಿಕೊಂಡು, ‘ದೇವರ ಮುಂದ ತಗೋತೀನಿ’ ಎಂದು ಒಳಗೆ ಹೋದದ್ದು ನೆನಪಾಯಿತು. ತಗೊಂಡಿರಲಿಲ್ಲ. ಹಾಗಾದರೆ ಅದು ಎಲ್ಲಿ ಹೋಯಿತು? ಒಂದು ಹಾಳೆ ಬಿಟ್ಟರೆ ರಕ್ತ ಮಂದವಾಗುವುದು ಸರಿ, ಆದರೆ ಮರುದಿನ ಅಷ್ಟೊಂದು ತೆಳುವಾಗುವುದು ಯಾಕೆ? ಲೆಕ್ಕ ಅವಳಿಗೆ ತಾನಾಗಿ ಹೊಳೆಯಿತು. ಎಸೆದಿದ್ದರೆ ಹಾಗಾಗುತ್ತಿರಲಿಲ್ಲ. ಒಂದು ಅಗುಳೂ ಎಸೆಯುವ ಕೈಯಲ್ಲ ಅದು.

“ಗುರುಪಾದ, ಯಾರ್ದೂ ಬಿಡಿಸೂದು ಬ್ಯಾಡ. ಒಂದನ್ನೂ. ಡಾಕ್ಟರಿಗೆ ಫೋನ್ ಹಚ್ಚಿ ಹೇಳು,” ಎಂದವಳೇ ಚಪ್ಪಲಿ ಮೆಟ್ಟಿದಳು.

*

ವತ್ಸಲಾಬಾಯಿ ಹಿತ್ತಲ ಕಟ್ಟೆಯ ಮೇಲೆ ಕೂತಿದ್ದರು. ಎಡಗೈ ಬೆರಳಿಗೆ ಹಳೆಯ ಸೀರೆಯ ಚೂರು ಸುತ್ತಿತ್ತು. ಸುತ್ತಿದ್ದು ಒಂದೇ ಪದರವಲ್ಲ, ಆದರೂ ಕೆಂಪು ಹೊರಗೆ ಜಿನುಗಿತ್ತು.

“ಈಳಿಗಿ ತಾಗ್ತು. ಸಣ್ಣದದ. ನಿಂದರವಲ್ದು ಅಷ್ಟ,” ಅಂದರು. “ನೀ ಇಷ್ಟ ಲಗೂನ ಬಂದಿ?”

ವಾರುಣಿ ಅವರ ಪಕ್ಕ ಕೂತು ಆ ಕೈಯನ್ನು ಎತ್ತಿ ಹಿಡಿದು ಗಟ್ಟಿಯಾಗಿ ಒತ್ತಿದಳು. ಟಿಕ್ ಟಿಕ್ ಸಪ್ಪಳ ಕೇಳಿಸುತ್ತಿತ್ತು.

“ಅತ್ಯಾ, ಸಿಟ್ಟಿಲೆ ಕೇಳೂದಿಲ್ಲ. ನಿನ್ನಿನ ಹಪ್ಪಳ ಯಾವಾಗ ತಿಂದ್ರಿ?”

ವತ್ಸಲಾಬಾಯಿ ತುಳಸಿಕಟ್ಟೆಯ ಕಡೆ ನೋಡಿದರು. “ಇವತ್ತ ಮುಂಜಾನೆ,” ಅಂದರು. “ಪಾರಣಿಗೆ, ಉಪಾಸ ಬಿಡೂವಾಗ. ತೀರ್ಥ ತಗೊಂಡು ಮೊದಲನೇ ತುತ್ತು ಅದ. ದೇವರಮನ್ಯಾಗ ಡಬ್ಬ್ಯಾಗ ಇಟ್ಟಿದ್ದೆ. ಒಂದೂ ಹಾಳಿ ವ್ಯರ್ಥ ಮಾಡಿಲ್ಲವಾ ನಾ.”

“ಅದರ ಮ್ಯಾಲೆ ಇವತ್ತಿಂದೂ ತಿನ್ನಾವರಿದ್ರಿ.”

“ಮತ್ತ? ಇವತ್ತಿಂದು ಇವತ್ತಿಗೆ. ಹೋದ ದ್ವಾದಶಿನೂ ಹಂಗ ಮಾಡೀನಿ.”

“ಔಷಧಕ್ಕ ದೋಷಿಲ್ಲ ಅಂತ ನೀವ ಹೇಳ್ತೀರಲ್ರಿ?”

“ಇಲ್ಲ ಖರೆ. ಆ ಗುಳಗಿ ಔಷಧ ಇತ್ತು. ಇದು ಅನ್ನ ಅದ. ಅನ್ನದ ಮ್ಯಾಲೆ ಔಷಧ ಸವರೀರಿ ನೀವು.”

ಮಾತು ಸರಿಯಾಗಿಯೇ ಇತ್ತು. ಬಿಟ್ಟ ಹಾಳೆಯಿಂದ ರಕ್ತ ಮಂದವಾದದ್ದು, ಪಾರಣೆಗೂ ಮೊದಲೇ ಅದನ್ನು ಅಳೆದ ಪಟ್ಟಿ ಔಷಧಿ ಏರಿಸಿದ್ದು, ನಿನ್ನೆಯದೂ ಇಂದಿನದೂ ಕೂಡಿ ಎರಡರಷ್ಟಾಗಿ ರಕ್ತ ನೀರಾಗುವುದು, ಎಲ್ಲವನ್ನೂ ಅವಳು ನಿಧಾನವಾಗಿ ಬಿಡಿಸಿ ಹೇಳಿದಳು. ಬೆರಳಿನ ಬಟ್ಟೆ ನೋಡುತ್ತ ವತ್ಸಲಾಬಾಯಿ ಕೇಳಿಸಿಕೊಂಡರು.

“ಅಂದ್ರ ಪ್ರಿಂಟರ್ ಕೆಟ್ಟಿದ್ದಿಲ್ಲ.”

“ಇಲ್ರಿ. ಅದಕ್ಕ ಗೊತ್ತಾಗಿತ್ತು, ಹೇಳ್ಲಿಕ್ಕೆ ಬಾಯಿ ಇದ್ದಿಲ್ಲ. ನಾ ಬೆರಳ ಒತ್ತಿ ಹಾಳಿ ತೆಗೀಬೇಕಂತ ಮಾಡಿದ್ದೆ.” ಅವಳು ಅತ್ತೆಯ ಬೆರಳನ್ನು ಇನ್ನಷ್ಟು ಒತ್ತಿ ಹಿಡಿದಳು. “ನನಗ್ಯಾಕ ಹೇಳಲಿಲ್ಲ, ಅತ್ಯಾ?”

“ಹೇಳಿದ್ರ ಏನ ಮಾಡ್ತಿದ್ದಿ? ಬಾಯಿ ತೆಗೀರಿ ಅಂತ ಮುಂದ ನಿಂದರತಿದ್ದಿ.”

“ಹೌದು,” ಎಂದಳು ವಾರುಣಿ, ಪ್ರಾಮಾಣಿಕವಾಗಿ.

ವತ್ಸಲಾಬಾಯಿ ಸಣ್ಣಗೆ ನಕ್ಕರು. ಆಮೇಲೆ ದನಿ ತಗ್ಗಿಸಿ, “ಅದೊಂದ ಅಲ್ಲ. ಅದು ನಿನ್ನ ಆಫೀಸಿನ ಹಾಳಿ. ‘ನನ್ನ ಸೊಸಿ ಮಾಡೂ ಯಂತ್ರ’ ಅಂತ ಭಜನಾ ಮಂಡಳ್ಯಾಗ ಎಲ್ಲಾರ ಮುಂದ ಹೇಳಿ ನಾನ ಎಲ್ಲಾರ ಮನೀಗೂ ತರಿಸೀನಿ. ಈಗ ಅದರಾಗ ಹುಳುಕು ಹ್ಯಾಂಗ ತೆಗೀಲಿ?” ಅಂದರು.

“ಅಂದ್ರ ಅವರೂ?”

“ಡಬ್ಬಿ ಉಪಾಯ ನಾನ ಹೇಳಿಕೊಟ್ಟೀನಿ,” ಎಂದ ವತ್ಸಲಾಬಾಯಿಯ ಮುಖ ಒಮ್ಮೆಲೇ ಇಳಿಯಿತು. “ಅಯ್ಯ ರಾಮ. ನಮ್ಮ ಮಂಡಳಿ ಸಿಂಧೂಗೆ ಫೋನ್ ಹಚ್ಚು. ಆಕೀದೂ ಪ್ರಿಂಟರ್ ನಿಂತದಂತ. ಟೆಸ್ಟ್ ಪೇಜ್ ತಿಂದ್ರ ನಡೀತದೇನು ಅಂತ ಕೇಳ್ತಿದ್ಲು.”

“ಟೆಸ್ಟ್ ಪೇಜ್‌ನ್ಯಾಗ ಬರೇ ಬಣ್ಣ ಇರ್ತದ, ಬೇಕಾದಷ್ಟ ತಿನ್ಲಿ,” ಎಂದು ವಾರುಣಿ ಫೋನ್ ತೆಗೆದಳು. ಅವಳಿಗೆ ನಗು ಬಂತು.

*

ಆ ದಿನ ಮಾಳಮಡ್ಡಿಯ ಭಜನಾ ಮಂಡಳಿ ಆಸ್ಪತ್ರೆಯ ವರಾಂಡದಲ್ಲಿ ಕೂಡಿತ್ತು. ಡಾಕ್ಟರ್ ನಸೀಮಾ ಮಕಾನದಾರ ಒಬ್ಬೊಬ್ಬರನ್ನೇ ಕರೆದು ರಕ್ತ ನೋಡಿದರು, ಕಾಲಿನ, ಕೈಯ ನೀಲಿ ಕಲೆಗಳನ್ನು ನೋಡಿದರು. ಉಪವಾಸದ ಹೊಟ್ಟೆಗೆ ಬಿದ್ದ ಒಂದೇ ಹಾಳೆಗೆ ವತ್ಸಲಾಬಾಯಿಯ ರಕ್ತ ಆಗಲೇ ತೆಳುವಾಗಿತ್ತು, ಆದರೆ ಅಪಾಯದ ಅಂಚಿನ ಈಚೆಗಿತ್ತು. ಇನ್ನೊಂದು ಹಾಳೆ ಹೊಟ್ಟೆಗೆ ಹೋಗಿದ್ದರೆ ಆಚೆಗೆ ಹೋಗುತ್ತಿತ್ತು. ಸಂಜೆಯವರೆಗೆ ಅಲ್ಲೇ ಮಲಗಿಸಿಕೊಂಡು, ತಾವು ಹೇಳುವವರೆಗೆ ಔಷಧಿ ಬೇಡ ಎಂದರು.

“ಇವತ್ತ ಏನ ಊಟಾ ಮಾಡೀರಿ, ಅಮ್ಮಾ?”

“ಅಗಸಿ ಸೊಪ್ಪಿನ ಪಲ್ಯ. ದ್ವಾದಶಿಗೆ ಅದ ಇರ್ತದ.”

“ಭಾಳ ಛಲೋ. ಸೊಪ್ಪು ರಕ್ತಾನ ಸ್ವಲ್ಪ ಗಟ್ಟಿ ಮಾಡ್ತದ. ನಿಮ್ಮ ದೇವರ ಒಂದ ಕೈಲೆ ಹೊಡದು ಒಂದ ಕೈಲೆ ಹಿಡದಾನ.”

ಆಮೇಲೆ ವಾರುಣಿಯನ್ನು ಪಕ್ಕಕ್ಕೆ ಕರೆದರು. “ರಮಜಾನದಾಗ ನಮ್ಮ ಮಂದಿಗೂ ತೊಂದರಿ ಆಗಿತ್ತು. ಹಾಳಿ ಮುಂಜಾನೆ ಬರ್ತದ, ರೋಜಾ ಇದ್ದವರು ಹ್ಯಾಂಗ ತಿನ್ನಬೇಕು? ಮಸೂತಿ ಕಮಿಟಿಯವರು ಬಂದು ಕೇಳಿದ್ರು, ನಾನೂ ನಿಮ್ಮ ಕೇಂದ್ರಕ್ಕ ಹೇಳಿದೆ. ಹೊತ್ತ ಬದಲಿ ಮಾಡಿಕೊಟ್ರಿ, ಮುಗೀತು. ನಿಮ್ಮ ಮಂದಿ ಬಂದು ಯಾಕ ಕೇಳಲಿಲ್ಲ?”

“ನಾವೂ ಅವರನ್ನ ಕೇಳಲಿಲ್ಲ, ಡಾಕ್ಟರ್,” ಅಂದಳು ವಾರುಣಿ. “ರಕ್ತಾನ ಮಾತ್ರ ದಿನಾ ಕೇಳ್ತೀವಿ.”

ಕೇಂದ್ರದಲ್ಲಿ ಹಳದಿ ದೀಪಕ್ಕೆ ಮಾತು ಬಂದದ್ದು ಆಮೇಲೆ. ‘ನಿಮ್ಮ ರಕ್ತದ ಅಳತೆ ಏರಿಳಿಯುತ್ತಿದೆ. ಯಾವುದಾದರೂ ದಿನ ಹಾಳೆ ಬಿಟ್ಟಿರಾ, ಕೂಡಿಸಿ ತಿಂದಿರಾ? ಬೈಯುವುದಿಲ್ಲ, ನಮಗೆ ಫೋನ್ ಮಾಡಿ’ ಎಂದು ವಾರುಣಿ ಬರೆದಳು. ‘ಬೈಯುವುದಿಲ್ಲ’ ಎಂಬುದು ಸರಕಾರಿ ಭಾಷೆಯಲ್ಲ ಎಂದು ಮೇಲಿನವರು ತಕರಾರು ತೆಗೆದರು. ಅವಳು ಪಟ್ಟು ಬಿಡಲಿಲ್ಲ.

ಹಾಳೆಯದು ಅಷ್ಟು ಸುಲಭವಿರಲಿಲ್ಲ. ಅಕ್ಕಿಯ ಬದಲು ಏನು ನಡೆಯುತ್ತದೆ ಎಂದು ಕೇಳಿದ್ದಕ್ಕೆ ವತ್ಸಲಾಬಾಯಿ ಬಹಳ ಹೊತ್ತು ಯೋಚಿಸಿದ್ದರು. “ಸಾಬೂದಾಣಿ? ನಮ್ಮತ್ತಿ ಇದ್ರ ನಡಸ್ತಿದ್ದಿಲ್ಲ. ನಾ ನಡಸ್ತೀನಿ,” ಎಂದು ಕಡೆಗೆ ತೀರ್ಪು ಕೊಟ್ಟರು. ಸಾಬೂದಾಣಿ ಅಂದರೆ ಸಬ್ಬಕ್ಕಿ, ಅದರ ಮೊದಲ ಹಾಳೆಗಳು ಪ್ರಿಂಟರಿನ ಉರುಳೆಗೆ ಅಂಟಿಕೊಂಡು ಗುರುಪಾದನಿಂದ ಸಾಕಷ್ಟು ಬೈಸಿಕೊಂಡವು. ಆಮೇಲಿನವು ಸೊಟ್ಟಗಾದವು, ಹನಿಗಳು ಹರಡಿದವು. ಎರಡು ಏಕಾದಶಿಗಳಲ್ಲಿ ಡಾಕ್ಟರ ಕಣ್ಣೆದುರೇ ಮಂಡಳಿಯವರೆಲ್ಲ ಹಳೆಯ ಗುಳಿಗೆಯನ್ನೇ ಮುರಿದು ನುಂಗಿದರು.

ಮೂರನೆಯದರ ಹೊತ್ತಿಗೆ ಹಾಳೆ ಸಿದ್ಧವಾಗಿತ್ತು.

ಅಂದು ಬೆಳಗ್ಗೆ ಪ್ರಿಂಟರಿನ ಹಸಿರು ದೀಪ ಹತ್ತಿತು. ಗಾಜಿನಷ್ಟು ತಿಳಿಯಾದ ಹಾಳೆ ನಿಧಾನವಾಗಿ ಹೊರಬಂತು, ಅಂಚಿನಲ್ಲಿ ಕೇಸರಿ ಬಣ್ಣದ ಹೆಸರು. ವತ್ಸಲಾಬಾಯಿ ಅದನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದರು, ಮೂಸಿದರು, ಹಿಂದೆಮುಂದೆ ತಿರುಗಿಸಿದರು. ಆಮೇಲೆ ಎಂದಿನಂತೆ ದೇವರಮನೆಯ ಕಡೆ ಹೊರಟರು.

ವಾರುಣಿಯ ಕಾಲು ಅವರ ಹಿಂದೆ ಒಂದು ಹೆಜ್ಜೆ ಇಟ್ಟಿತು. ಡಬ್ಬಿ ಇನ್ನೂ ಅಲ್ಲೇ ಇತ್ತು, ದೀಪದ ಪಕ್ಕ, ತೊಳೆದು ಬೋರಲು ಹಾಕಿದ್ದು ಅವಳಿಗೆ ಗೊತ್ತಿತ್ತು. ಹೊಸ್ತಿಲ ತನಕ ಹೋಗಿ ನಿಂತಳು. ಒಂದು ಗಳಿಗೆ ನಿಂತು, ಹಿಂದಿರುಗಿ ಬಂದು ಪ್ರಿಂಟರಿಗೆ ಮುಖ ಮಾಡಿ, ಒರೆಸಬೇಕಾಗಿಯೇ ಇಲ್ಲದ ಅದರ ಮುಚ್ಚಳವನ್ನು ಒರೆಸತೊಡಗಿದಳು.

ಒಳಗಿನಿಂದ ಕರಂ ಎಂಬ ಸಪ್ಪಳ ಕೇಳಿಸಿತು.

“ವಾರುಣೀ!”

“ಏನ್ರಿ, ಅತ್ಯಾ?”

“ಉಪ್ಪು ಕಮ್ಮಿ ಆಗ್ಯದ ನೋಡು ಇದಕ್ಕ. ನಿಮ್ಮ ಆಫೀಸಿನವರಿಗೆ ಹೇಳು.”